ಅಂಚಿನವರು

ಅಲ್ ಖೋರಿನಲ್ಲಿ ರಾತ್ರಿ ಎರಡಕ್ಕೂ ಮೂವತ್ತನಾಲ್ಕು ಡಿಗ್ರಿ.
ಕಿಟಕಿಯ ಗಾಜು ಹೊರಗಡೆಯಿಂದ ಬೆವರುತ್ತದೆ.
ಪರದೆಯ ಮೇಲೆ ಮಾತ್ರ ಸೊನ್ನೆಗಿಂತ ಮೂವತ್ತು ಕೆಳಗೆ:
ನಾಲ್ಕು ಸಾವಿರದ ತೊಂಬತ್ತಾರು ನೀರಿನ ಕಣ
ಒಂದು ಡಬ್ಬಿಯಲ್ಲಿ.
ಗೋಡೆಯಿಲ್ಲದ ಡಬ್ಬಿ. ಬಲಕ್ಕೆ ಹೊರಟದ್ದು
ಎಡದಿಂದ ಒಳಗೆ ಬರುತ್ತದೆ,
ರಜೆ ಮುಗಿಸಿದ ನಮ್ಮವರ ಹಾಗೆ.

ನನ್ನ ಕೆಲಸ ಇಷ್ಟೇ.
ಒಂದೊಂದನ್ನೂ ನಿಲ್ಲಿಸಿ ಕೇಳುವುದು,
ನೀನು ನೀರೋ, ಗಡ್ಡೆಯೋ?
ಒಂಟಿ ಕಣಕ್ಕೆ ಅದು ಗೊತ್ತಿರುವುದಿಲ್ಲ.
ಹಾಗಾಗಿ ನೆರೆಯವರಲ್ಲಿ ವಿಚಾರಿಸುತ್ತೇನೆ,
ಸಂಬಂಧ ಕೇಳಲು ಬಂದವಳಂತೆ:
ಕೈಯಳತೆಯಲ್ಲಿ ಎಷ್ಟು ಮಂದಿ? ನಾಲ್ವರೇ?
ನಡುವೆ ನುಗ್ಗಿದ ಈ ಐದನೆಯವ ಯಾರು?
ಕೈ ಚಾಚಿದ್ದು ಯಾವ ಕೋನಕ್ಕೆ?
ನೆರೆಯವರ ನೆರೆಯವರು ಸುತ್ತಿ ಬಂದು
ಆರರ ಬಳೆ ಕಟ್ಟುತ್ತಾರೋ,
ಐದಕ್ಕೇ ಮುರುಟುತ್ತಾರೋ?

ಆರಿದ್ದರೆ ನೀಲಿ. ಇಲ್ಲದಿದ್ದರೆ ಕೆಂಪು.

ಮೊದಲ ತಿಂಗಳು ಮೋಸಹೋದೆ.
ಬೆಚ್ಚನೆಯ ನೀರಿನಲ್ಲೂ ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕಿ,
ಬಸ್‌ಸ್ಟಾಪಿನಲ್ಲಿ ಅಪರಿಚಿತರು ತಾನಾಗಿ ಸಾಲಾದಂತೆ.
ಬಸ್ಸು ಬಂತೋ, ಸಾಲಿಲ್ಲ.
ಗಟ್ಟಿ ಗಡ್ಡೆಯ ಒಳಗೂ ಕೆಂಪು:
ನಿಂತಲ್ಲೇ ನಡುಗಿದವನನ್ನು
ಸಾಲು ಬಿಟ್ಟನೆಂದು ನಾನು ದೂರಿದ್ದು.

ಶುಕ್ರವಾರ ಹಮ್ಮಬ್ಬಾಕನ ಐಸ್ ಕಾರ್ಖಾನೆಗೆ ಹೋದೆ.
ಹೊರಗೆ ದೋಣಿಗಳು, ಹಮೂರ್ ಮೀನಿನ ವಾಸನೆ, ಬಯ್ಗುಳ.
ಇಪ್ಪತ್ತಾರು ವರ್ಷದಿಂದ ಅವರು ಉಪ್ಪುನೀರ ತೊಟ್ಟಿಗೆ
ತಗಡಿನ ಡಬ್ಬ ಇಳಿಸುತ್ತಾರೆ, ಎತ್ತುತ್ತಾರೆ.
ಗೆಣ್ಣಿನಿಂದ ಒಂದಕ್ಕೆ ತಟ್ಟಿದರು:
"ಇದು ಆಗಲಿಲ್ಲ. ಹೊಟ್ಟೆಯಲ್ಲಿ ನೀರುಂಟು."
ಪಕ್ಕದ್ದಕ್ಕೆ ತಟ್ಟಿ, "ಇದು ಆಯ್ತು."
ನನ್ನ ಕಿವಿಗೆ ಎರಡೂ ಒಂದೇ ಟಕ್.

ಮೊಬೈಲಿನಲ್ಲಿ ನನ್ನ ಬಣ್ಣದ ಚಿತ್ರ ತೋರಿಸಿದೆ.
ಕನ್ನಡಕ ಹಣೆಗೇರಿಸಿ ನೋಡಿದರು.
"ಈ ಅಂಚಿನಲ್ಲಿ ಇದ್ದಾರಲ್ಲ ಮಾರಾಯ್ತಿ,
ಇವರದ್ದು ಯಾವ ಬಣ್ಣ?"

ಅದೇ ನನ್ನ ನಿದ್ದೆ ತಿಂದದ್ದು.
ಎರಡು ಕೈ ಗಡ್ಡೆಯ ಕಡೆ, ಒಂದು ನೀರಿನ ಕಡೆ,
ನಾಲ್ಕನೆಯದು ಏನನ್ನೂ ಹಿಡಿಯದೆ.
ಮಿತಿಯನ್ನು ಕೂದಲೆಳೆ ಸರಿಸಿದರೆ ಸಾಕು,
ಒಂದು ಕಣವೂ ಕದಲದೆ
ಇಡೀ ಪದರ ಬಣ್ಣ ಬದಲಿಸುತ್ತದೆ.

ಮಂಜುಗಡ್ಡೆ ಎಂಬ ಮಾತೂ ಅಂಚಿನದೇ ಅಲ್ಲವೇ.
ನೀರು ಕಲ್ಲಾಗುವುದನ್ನು ಕಾಣದ ನಾಲಿಗೆ
ಬೆಳಗಿನ ಮಂಜನ್ನೇ ಹಿಡಿದು
ಗೆಣಸಿನ ಹಾಗೆ ಗಡ್ಡೆ ಬಿಡಿಸಿತು.
ಹಮ್ಮಬ್ಬಾಕ ಅದನ್ನು ಬಳಸುವುದಿಲ್ಲ.
ದೋಣಿಯವರಿಗೆ ಥಲ್ಜ್, ಬಂಗಾಳಿ ಹುಡುಗರಿಗೆ ಬೊರೊಫ್,
ನನಗೆ ಐಸು.

ಆಮೇಲೆ ಆದ ಡಬ್ಬವನ್ನು ಕೊಕ್ಕೆಗೆ ಸಿಕ್ಕಿಸಿ
ಸಾದಾ ನೀರಿನಲ್ಲಿ ಒಮ್ಮೆ ಅದ್ದಿದರು.
ಎಣಿಸಿದರು, ಬ್ಯಾರಿಯಲ್ಲಿ, ಇಪ್ಪತ್ತರ ತನಕ.
ತಗಡಿಗಂಟಿದ ಪದರ ಸಡಿಲಿತು;
ವಾಲಿಸಿದ್ದೇ ತಡ, ಆಳುದ್ದದ ಬಿಳಿ ದಿಮ್ಮಿ
ನಿಟ್ಟುಸಿರಿಟ್ಟು ಜಾರಿ ಬಂತು.
"ಆ ಅಂಚಿನವರು ಬಿಟ್ಟುಕೊಡದೆ
ಇದು ಹೊರಗೆ ಬರುವುದೇ ಇಲ್ಲ, ಗೊತ್ತುಂಟಾ?"

ಭಾನುವಾರ ಬೆಳಗ್ಗೆ ಎಲಿಯಾಸ್ ಸರ್ ಕೇಳುವುದು
ಒಂದೇ ಸಂಖ್ಯೆ. ಗಡ್ಡೆ ಶೇಕಡಾ ಎಷ್ಟು?
ಅರವತ್ತೊಂದು ಎಂದು ಬರೆದಿದ್ದೇನೆ.
ಪಕ್ಕದಲ್ಲಿ ಒಂದು ಹೊಸ ಕಾಲಂ,
ತಲೆಬರಹ ಇನ್ನೂ ಇಟ್ಟಿಲ್ಲ.

ದಿಮ್ಮಿ ಎಳೆದೊಯ್ದ ದಾರಿ
ಕಾರ್ಖಾನೆಯಿಂದ ದಕ್ಕೆಯವರೆಗೆ
ಒಂದು ಒದ್ದೆ ಗೆರೆ.
ನಾನು ಹಿಂದಿರುಗುವಷ್ಟರಲ್ಲಿ
ಅದಕ್ಕೂ ಅಂಚು ಮಾತ್ರ ಉಳಿದಿತ್ತು,
ಉಪ್ಪಿನದು.