ಮೊಳೆ

ಹದಿನೈದು ಆಂಪಿಯರ್, ಒಂದು ದೀಪ, ಎರಡು ಪ್ಲಗ್ಗು,
ಚಾವಣಿಗೆ ಅಂಟಿದ ಹೊಗೆಗಂಟೆ:
ಇಷ್ಟು ನೋಡಿ ಸಹಿ ಹಾಕುವುದು ನನ್ನ ಕೆಲಸ.
ಟಕೋಮಾ ನಗರಸಭೆ ಇದಕ್ಕೆ ಸಂಬಳ ಕೊಡುತ್ತದೆ.

ರೈಲುಹಳಿಯ ಪಕ್ಕ, ಮುಚ್ಚಿಹೋದ ಹಾಸಿಗೆ ಅಂಗಡಿಯ
ಕಾರು ನಿಲ್ಲಿಸುವ ಬಯಲಲ್ಲಿ
ನಲವತ್ತೊಂದು ಮನೆ.
ಮನೆಯೆಂದು ನಾನು ಅನ್ನುತ್ತೇನೆ. ನಮೂನೆಯಲ್ಲಿ
ತಾತ್ಕಾಲಿಕ ರಚನೆ ಎಂದಿದೆ.
ಎಂಟಡಿಗೆ ಹನ್ನೆರಡಡಿ. ನಮ್ಮ ಕಡೆಯ ಲೆಕ್ಕದಲ್ಲಿ
ಹೆಚ್ಚೆಂದರೆ ಒಂದಂಕಣ.
ಡಾಂಬರಿನ ಮೇಲೆ ಹಳೆಯ ಬಿಳಿಗೆರೆ ಇನ್ನೂ ಕಾಣುತ್ತದೆ,
ಒಂದು ಕಾರಿನ ಜಾಗಕ್ಕೆ ಒಬ್ಬ ಮನುಷ್ಯ.

ಬೀದಿಯಾಚೆ ಹುಲ್ಲುಹಾಸಿನಲ್ಲಿ ನೆಟ್ಟ ಫಲಕ:
"ಮರುಕ ಸರಿ, ಇಲ್ಲಿ ಬೇಡ."
ಮಾರ್ಚಿನ ಸಭೆಯಲ್ಲಿ ಆ ಮನೆಯಾಕೆ ಅತ್ತಿದ್ದಳು.
ನಿಜಕ್ಕೂ ಅತ್ತಿದ್ದಳು. ಅವಳ ಮೇಲೆ
ಕೋಪ ತರಿಸಿಕೊಳ್ಳಲು ನೋಡಿದೆ, ಪೂರಾ ಬರಲಿಲ್ಲ.

ಹತ್ತೊಂಬತ್ತನೆಯ ಬಾಗಿಲು. ವರ್ನಾ ಟಿಬೆಟ್ಸ್.
ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದವಳು,
ಆಮೇಲೆ ಆರು ವರ್ಷ
ಓಡದ ವ್ಯಾನಿನಲ್ಲಿ ಮಲಗಿದವಳು.
ಷೂ ಹಾಕಿಕೊಂಡೇ ಮಂಚದ ತುದಿಗೆ ಕೂತಿದ್ದಳು,
ಯಾರದೋ ಮನೆಗೆ ಬಂದ ಹಾಗೆ.

"ರಾತ್ರಿ ನಿದ್ದೆ ಬಂತೇ?"
"ಇಲ್ಲ. ಯಾರೂ ಕಿಟಕಿ ಬಡಿಯಲಿಲ್ಲ. ಅದಕ್ಕೇ ಬರಲಿಲ್ಲ.
ಮೂರು ಸಲ ಎದ್ದು ಬೀಗ ತೆಗೆದೆ, ಹಾಕಿದೆ.
ಹೊರಗಿನಿಂದಲ್ಲ, ನೋಡು, ಒಳಗಿನಿಂದ."

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಆರು ವರ್ಷ ಸ್ಟೀರಿಂಗಿನ ಕೆಳಗೆ ಮಡಚಿಟ್ಟ ಕಾಲು
ಹಾಸಿಗೆ ಸಿಕ್ಕರೂ ಚಾಚಲು ಅನುಮಾನಿಸುತ್ತದೆ.

ಹೊಗೆಗಂಟೆಯ ಗುಂಡಿ ಒತ್ತಿದೆ. ಕಿವಿ ಕಿತ್ತುಹೋಗುವಂತೆ ಅರಚಿತು.
ವರ್ನಾ ಬೆಚ್ಚಲಿಲ್ಲ. ತಲೆಯೆತ್ತಿ ನೋಡಿದಳು.
"ಇದು ನನಗೋಸ್ಕರವಾ?"
"ಬೆಂಕಿ ಬಿದ್ದರೆ."
"ಅದೇ. ನನಗೋಸ್ಕರ."
ಇನ್ನೊಮ್ಮೆ ಒತ್ತು ಅಂದಳು. ಒತ್ತಿದೆ.

ಸ್ನಾನಕ್ಕೆ ನಾಲ್ಕು ಕೋಣೆ, ಅಡುಗೆಮನೆ ಒಂದು,
ಬೆಳಿಗ್ಗೆ ಸಾಲು; ಬಿಸಿನೀರು ಮುಗಿಸಿದವರಾರೆಂದು
ಟವೆಲು ಹೊದ್ದ ಓಡೆಲ್‌ನ ಕೂಗಾಟ.
ದಾವಣಗೆರೆಯಲ್ಲಿ ನಾವಿದ್ದ ವಠಾರ ಥೇಟು ಹೀಗೇ.
ಒಂಬತ್ತು ಸಂಸಾರ, ಒಂದು ನಲ್ಲಿ,
ಹೊತ್ತು ಮೂಡುವ ಮೊದಲೇ ಕೊಡಗಳ ಜಗಳ,
ಸಂಜೆಗೆ ಅದೇ ಬಾಗಿಲುಗಳ ನಡುವೆ
ಸಾರಿನ ಬಟ್ಟಲು ಓಡಾಡುತ್ತಿತ್ತು.
ಮಾಲೀಕರು ಗುರುಶಾಂತಯ್ಯ. ತಿಂಗಳ ಐದಕ್ಕೆ
ಬಾಡಿಗೆಗೆ ಬಂದವರು ಗೋಡೆ ಸವರಿ ನೋಡುತ್ತಿದ್ದರು.
ಮೊಳೆ ಹೊಡೆಯಕೂಡದು.
ಅಪ್ಪ ಅಮ್ಮನ ಮದುವೆಯ ಫೋಟೊ
ಹನ್ನೊಂದು ವರ್ಷ ಟ್ರಂಕಿನಲ್ಲಿ ಸೀರೆಗಳ ನಡುವೆ ಇತ್ತು.
ಅಮ್ಮ ಯುಗಾದಿಗೊಮ್ಮೆ ತೆಗೆದು, ಒರೆಸಿ,
ಮತ್ತೆ ಮಲಗಿಸುತ್ತಿದ್ದಳು.

ಸಹಿ ಹಾಕುವಾಗ ವರ್ನಾ ಕೇಳಿದ್ದೂ ಅದನ್ನೇ.
ಕೈಯಲ್ಲಿ ಅಂಗೈಯಗಲದ ಚೌಕಟ್ಟು: ಹಳದಿ ಬಸ್ಸು,
ಮುಂದೆ ಸಾಲುನಿಂತ ಮಕ್ಕಳು, ಅರ್ಧಕ್ಕರ್ಧ
ಮುಂದಿನ ಹಲ್ಲು ಬಿದ್ದವು.
"ಒಂದೇ ಒಂದು. ಹೊಡೆಯಬಹುದಾ?"

ನಿಯಮದ ಹಾಳೆ ಬಾಗಿಲ ಹಿಂದೆಯೇ ಅಂಟಿದೆ.
ರಾತ್ರಿ ಹತ್ತರ ಮೇಲೆ ಅತಿಥಿಗಳಿಲ್ಲ, ಮೇಣದಬತ್ತಿಯಿಲ್ಲ,
ಏಳನೆಯದು, ಗೋಡೆಗೆ ಮೊಳೆಯಿಲ್ಲ.
ಪರವಾನಗಿ ಮುಂದಿನ ಅಕ್ಟೋಬರಿನವರೆಗೆ.
ಆಮೇಲೇನೆಂದು ಗೊತ್ತಿರುವವರು
ಈತನಕ ನನಗೆ ಸಿಕ್ಕಿಲ್ಲ.

ಗೋಡೆಯೊಳಗೆ ತಂತಿ ಎಲ್ಲಿ ಹಾದಿದೆ, ಎಲ್ಲಿ ಹಾದಿಲ್ಲ,
ಅದಷ್ಟೇ ನನ್ನ ಅಧಿಕಾರ.
ಕಿಟಕಿಯ ಎಡಕ್ಕೆ ಒಂದು ಗೇಣು ಅಳೆದು ಬೆರಳಿಟ್ಟೆ.
"ಇಲ್ಲಿ ತಂತಿಯಿಲ್ಲ," ಅಂದೆ. ಬೇರೇನೂ ಅನ್ನಲಿಲ್ಲ.

ಇಪ್ಪತ್ತನೆಯ ಬಾಗಿಲಲ್ಲಿ ಮೀಟರು ಹಿಡಿದು ನಿಂತಿದ್ದಾಗ
ಬೆನ್ನ ಹಿಂದೆ ಸದ್ದು. ಸುತ್ತಿಗೆಯಲ್ಲ,
ಷೂವಿನ ಹಿಮ್ಮಡಿ.
ಅಂದರೆ, ಷೂ ಬಿಚ್ಚಿದ್ದಾಳೆ.