ಎರಡನೆಯ ಕೈ

ಶಿಕಾರಿಪುರದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬಂದಿಳಿಯಿತು
ಕಾಳು ಬಿಡಿಸಿಕೊಂಡ ಮೆಕ್ಕೆಜೋಳದ ದಿಂಡು,
ಎಲ್ಲರ ಮನೆಗೂ ಗ್ಯಾಸ್ ಬಂದು ಒಲೆಗೂ ಬೇಡವಾದದ್ದು;
ಮೂಟೆಗೆ ಹದಿನೆಂಟು ರೂಪಾಯಿ, ಬಾಡಿಗೆ ಬೇರೆ.
ಮಾಚೇನಹಳ್ಳಿಯ ತಗಡಿನ ಶೆಡ್ಡಿನಲ್ಲಿ ನಾವಿಬ್ಬರು:
ನಾನು, ಪುಸ್ತಕದಿಂದ ಬಂದವಳು;
ಪೆರಿಯಣ್ಣ, ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ
ಇಪ್ಪತ್ತಾರು ವರ್ಷ ಘಟ್ಟದ ಬಿದಿರು ಬೇಯಿಸಿದವನು.
ಎಡಗೈಯಲ್ಲಿ ಅವನಿಗೆ ಎರಡೇ ಬೆರಳು.
ಉಳಿದವು ಯಂತ್ರದ ಬಾಯಿಗೆ ಹೋದದ್ದು ಯಾವಾಗ ಎಂದರೆ
ವಾರ ಮಾತ್ರ ಹೇಳುತ್ತಾನೆ: ಮಂಗಳವಾರ.

ಆಮ್ಲದಲ್ಲಿ ದಿಂಡು ಬೇಯುತ್ತದೆ.
ನಾನು ಮೀಟರು ನೋಡುತ್ತೇನೆ, ಅವನು ಕಿವಿ ಕೊಡುತ್ತಾನೆ.
"ಇನ್ನೂ ಗೊಣಗ್ತಾ ಇದೆ ಮೇಡಂ,
ಹಾಡೋಕೆ ಶುರು ಮಾಡಿದ್ಮೇಲೆ ವಾಲ್ವು ತಿರುಗಿಸಿ."
ಮೊದಲ ತಿಂಗಳು ನಾನು ಮೀಟರನ್ನು ನಂಬಿದೆ.
ಏಳು ಸಲ ತಳದಲ್ಲಿ ಸಿಕ್ಕಿದ್ದು ಕರೀ ಜಿಗುಟು,
ಬಾಣಲೆಗೆ ಹತ್ತಿದ ಪಾಕದ ಹಾಗೆ;
ಉಳಿ ಹಿಡಿದು ಕೆತ್ತಿ ತೆಗೆದೆವು.
ಎಂಟನೆಯ ಸಲ ವಾಲ್ವು ಅವನ ಕೈಯಲ್ಲಿತ್ತು.

ಬಾದಾಮಿಯ ವಾಸನೆ ಬಂತು,
ಅದರ ಬೆನ್ನಿಗೇ ಸೀದ ರೊಟ್ಟಿಯದು.
ನೀರಿನಷ್ಟು ತಿಳಿ ಎಣ್ಣೆ, ಬಿಟ್ಟರೆ ಕಾಫಿಯ ಬಣ್ಣಕ್ಕೆ ತಿರುಗುವಂಥದು.
ಚೀಟಿ ಅಂಟಿಸಿ ಬರೆದೆ: ಫರ್ಫ್ಯೂರಲ್.
ಪೆರಿಯಣ್ಣ ಓದಿ "ಪುರ್ಪುರಾಲ್" ಅಂದ.
ಅಂದಿನಿಂದ ಶೆಡ್ಡಿನಲ್ಲಿ ಅದೇ ಹೆಸರು.

ಆಮೇಲೆ ಚಿನ್ನ.
ಕಬ್ಬಿಣದ ಕಪಾಟಿನೊಳಗೆ ಡಬ್ಬಿ, ಡಬ್ಬಿಯೊಳಗೆ ಸೀಸೆ,
ಸೀಸೆಯಲ್ಲಿ ನೇರಳೆ ಛಾಯೆಯ ಪುಡಿ.
"ಇದಾ ಚಿನ್ನ? ಹಳೇ ಕುಂಕುಮ ಇದ್ದ ಹಾಗಿದೆ."
ಅಷ್ಟು ಸಣ್ಣಗೆ ಒಡೆದರೆ ಚಿನ್ನಕ್ಕೂ ಹಳದಿ ಉಳಿಯುವುದಿಲ್ಲ, ಎಂದೆ.
"ಖರ್ಚಾಗತ್ತಾ?"
ಇಲ್ಲ. ಎಣ್ಣೆಗೂ ಗಾಳಿಗೂ ಜೊತೆ ಮಾಡಿಸಿ ತಾನು ಸರಿದು ನಿಲ್ಲುತ್ತದೆ.
"ಹೆಪ್ಪಿನ ಹಾಗೆ."
ಅಲ್ಲ, ಹೆಪ್ಪು ಮೊಸರೇ ಆಗಿಬಿಡುತ್ತದೆ;
ಇದನ್ನು ಸೋಸಿ, ತೊಳೆದು, ಮತ್ತೆ ಡಬ್ಬಿಗಿಡಬಹುದು.
ಸ್ವಲ್ಪ ಹೊತ್ತು ಸುಮ್ಮನಿದ್ದ.
"ನಮ್ಮನೇದು ವಾಪಸ್ ಬರಲಿಲ್ಲ.
ಕಾರ್ಖಾನೆ ನಿಂತ ವರ್ಷ, ನಾಲ್ಕು ಬಳೆ, ಗಿರವಿ ಅಂಗಡಿಗೆ.
ಅದೂ ತುಂಬಾ ಕೆಲಸ ಮಾಡ್ತು ಬಿಡಿ."

ನಿಜ ಹೇಳಬೇಕೆಂದರೆ ಡಬ್ಬಿಗೆ ಮರಳಿದ ಪುಡಿಯೂ
ಮೊದಲಿನಂತಿರಲಿಲ್ಲ.
ಐದನೇ ಸಲಕ್ಕೆ ಮಂಕು, ಒಂಬತ್ತಕ್ಕೆ ಮೈತುಂಬ ಮಸಿ.
'ಕ್ರಿಯೆಯ ಕೊನೆಗೆ ಬದಲಾಗದೆ ಉಳಿಯುತ್ತದೆ' ಎಂದು ಪಠ್ಯದಲ್ಲಿತ್ತು;
ಪರೀಕ್ಷೆಯಲ್ಲಿ ಹಾಗೇ ಬರೆದು
ಎರಡು ಅಂಕ ತೆಗೆದುಕೊಂಡವಳು ನಾನು.

ಬಿಳಿ ಹರಳೇನೋ ಬಂತು. ಆದರೆ ಒಂದು ಕೈಯದು.
ಹಲಗೆಯ ಮೇಲೆ ಬರೆದು ತೋರಿಸಿದೆ:
ಐದು ಮೂಲೆಯ ಉಂಗುರ, ಒಂದು ತುದಿಗೆ ಮಾತ್ರ ಕೈ.
ಪ್ಲಾಸ್ಟಿಕ್ ಅಂದರೆ ಸಾಲು ಪೆರಿಯಣ್ಣ,
ಕೈಗೆ ಕೈ ಹಿಡಿದು ನಿಂತ ಉದ್ದಾನುದ್ದ ಸಾಲು.
ಪ್ರತಿಯೊಬ್ಬನಿಗೂ ಎರಡು ಕೈ ಬೇಕು.
ಒಂದೇ ಕೈಯವನು ಬಂದು ಸೇರಿದರೆ
ಸಾಲು ಅಲ್ಲಿಗೆ ಮುಗಿಯಿತು.

ಹೇಳಿದ ಮೇಲೆ ಹೊಳೆಯಿತು, ಏನು ಹೇಳಿದೆ ಎಂದು.
ಸೀಮೆಸುಣ್ಣ ಹಿಡಿದೇ ನಿಂತೆ.

ಅವನು ಎಡಗೈಯನ್ನು ಖಾಕಿ ಪ್ಯಾಂಟಿಗೆ ಒರೆಸಿಕೊಂಡು
"ಸರಿ, ಎರಡನೇ ಕೈ ಎಲ್ಲಿಂದ ತರ್ತೀರಿ?" ಎಂದ,
ಬೋಲ್ಟು ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಕೇಳುವ ದನಿಯಲ್ಲಿ.

ಉಸಿರಿನಿಂದ, ಎಂದೆ.
ನಾವು ಹೊರಗೆ ಬಿಡುತ್ತೇವಲ್ಲ, ಅದೇ ಗಾಳಿ,
ಸಿಲಿಂಡರಿನಲ್ಲಿ ಬರುತ್ತದೆ. ಉಪ್ಪಿನ ಜೊತೆ ಕಾಯಿಸಿದರೆ
ಉಂಗುರದ ಖಾಲಿ ತುದಿಗೆ ಹೋಗಿ ಕೂರುತ್ತದೆ, ಕೈಯಾಗಿ.

ನಗುತ್ತಾನೆಂದುಕೊಂಡೆ. ನಗಲಿಲ್ಲ.
ಎರಡು ಬೆರಳನ್ನು ತುಟಿಯ ಹತ್ತಿರ ತಂದು ಊದಿದ,
ಕಾದ ಚಹಾ ಊದುವ ಹಾಗೆ.
ತಡೆದ. ನೋಡಿದ.
"ಬಿಸಿ ಸಾಲದು," ಎಂದು
ಹೀಟರಿನ ಕಡೆ ನಡೆದ.