ಮೂವತ್ತು ಡಿಗ್ರಿ

ರಾಸ್ಟಾಕ್ ಬಂದರಿನಲ್ಲಿ ಇಪ್ಪತ್ತು ಟನ್ನಿನ ಕಂಟೇನರನ್ನು
ಸದ್ದಾಗದಂತೆ ಹಡಗಿಗಿಳಿಸುವ ಕ್ರೇನಿನ ಡೆಟ್ಲೆಫ್
ಇವತ್ತು ಐದು ಮೀನಿನ ಚೀಲ ಹಿಡಿದು ನಡುಗುತ್ತಾನೆ.

ಹಿಮದಲ್ಲಿ ಕೋಟಿನೊಳಗೆ ಬಚ್ಚಿಟ್ಟು ತಂದದ್ದು.
ತೇಲಿಬಿಟ್ಟ. ದೀಪ ಆರಿಸಿದ.
ಚೀಲಕ್ಕೆ ಅರ್ಧ ಲೋಟ ತೊಟ್ಟಿನೀರು,
ಕಾದು, ಇನ್ನರ್ಧ.
ಅವಸರ ಬೇಡ, ಅಂದಿದ್ದಳು ಮಾರಿದ ಮುದುಕಿ,
ಅವಕ್ಕೆ ನಿನ್ನ ನೀರಿನ ರುಚಿ ಗೊತ್ತಿಲ್ಲ.

ಡಿಸ್ಕಸ್ಸುಗಳು ಬಣ್ಣ ಬಿಟ್ಟು ಮಸಿಯಾಗಿ
ಕೊರಡಿನ ಹಿಂದೆ ಒತ್ತಿಕೊಂಡು ನಿಂತವು,
ತೊಳೆಯದೆ ಬಿಟ್ಟ ತಟ್ಟೆಗಳ ಹಾಗೆ.

ಮೂರು ದಿನ ಏನೂ ಮುಟ್ಟಲಿಲ್ಲ.
ಗ್ಯಾಸಿನ ಬಿಲ್ಲಿಗೆ ಹೆದರಿ ಕೋಣೆ ಹದಿನಾರು ಡಿಗ್ರಿ,
ತೊಟ್ಟಿ ಮಾತ್ರ ಮೂವತ್ತು.
ಗಾಜಿಗೆ ಅಂಗೈಯೊತ್ತಿ
ಬೆಚ್ಚಗಾಗುತ್ತ ಕೂತ.

ನಾಲ್ಕನೇ ರಾತ್ರಿ ಒಂದು ಹೊರಬಂತು.
ಹುಳು ಬಾಯಿಗಿಟ್ಟು ಉಗುಳಿತು,
ಮತ್ತೆ ಎತ್ತಿಕೊಂಡಿತು.

ಜೋಮು ಹಿಡಿದ ಕೈ
ಗಾಜಿನಿಂದ ಕದಲಲಿಲ್ಲ.